ಇಲಿ ಬಿದ್ದ ಊರು, ಕಾವಲಿದ್ದ ಬಂದರು

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ಓದುಗರೊಬ್ಬರು ಕೇಳಿದ್ದಾರೆ: ಪ್ಲೇಗಿನ ಕಾಲದಲ್ಲಿ ಮನೆಯಲ್ಲಿ ಇಲಿ ಸತ್ತು ಬಿದ್ದೊಡನೆ ಜನರು ಊರು ಬಿಟ್ಟು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರೆಂದು ಹಿರಿಯರು ಹೇಳುವರು, ಇದು ಬರಿಯ ಭಯವೊ, ಇದರಲ್ಲಿ ಶಾಸ್ತ್ರವೂ ಇದ್ದಿತೊ? ಶಾಸ್ತ್ರವಿದ್ದಿತು. ಅಷ್ಟೇ ಅಲ್ಲ, ಬಂದರುಗಳಲ್ಲಿಯೂ ರೈಲುನಿಲ್ದಾಣಗಳಲ್ಲಿಯೂ ಪೋಲೀಸರನ್ನಿಟ್ಟು ರೋಗವನ್ನು ತಡೆಯಹೊರಟ ಸರ್ಕಾರಕ್ಕಿಂತ ಈ ಹಳ್ಳಿಗರು ಸತ್ಯಕ್ಕೆ ಹೆಚ್ಚು ಸಮೀಪದಲ್ಲಿದ್ದರೆಂಬುದು ನನ್ನ ದೃಢವಾದ ಅಭಿಪ್ರಾಯ.

1896ರಲ್ಲಿ ಮುಂಬಯಿಯ ಮಾಂಡವಿ ಬಂದರಿನ ಧಾನ್ಯದ ಉಗ್ರಾಣಗಳ ಸುತ್ತ ಕಾಣಿಸಿಕೊಂಡ ಈ ವ್ಯಾಧಿಯು ವ್ಯಾಪಾರದ ದಾರಿಯನ್ನೇ ಹಿಡಿದು ನಡೆಯಿತು. ಹೊಟಗಿಯಿಂದ ಗದಗಿಗೆ 1884ರಲ್ಲಿಯೇ ರೈಲು ಬಂದಿದ್ದಿತು. ಅರಳೆಯ ಅಂಡಿಗೆಗಳೂ ಕಾಳಿನ ಚೀಲಗಳೂ ಅಡತಿ ಅಂಗಡಿಗಳಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಬಂದರಿಗೆ ನಿರಂತರವಾಗಿ ಸಾಗುತ್ತಿದ್ದುವು. 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗುಗಳು ಪ್ಲೇಗಿಗೆ ತುತ್ತಾದುವು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಅಧಿಕಾರಿಗಳಿಗೆ ಮನೆ ಹೊಕ್ಕು ಶೋಧಿಸುವ, ಪ್ರಯಾಣಿಕರನ್ನು ತಡೆದು ನಿಲ್ಲಿಸುವ ವಿಶೇಷಾಧಿಕಾರವನ್ನು ಕೊಟ್ಟಿತು. ಅದೇ ಕಾಲದಲ್ಲಿ ಪಾರಸಿಕ ಕೊಲ್ಲಿಯ ಬುಶೈರ್ ಬಂದರಿನಲ್ಲಿ ಬ್ರಿಟಿಷ್ ರೆಸಿಡೆನ್ಸಿಯ ವೈದ್ಯರು ಮುಂಬಯಿಯಿಂದ ಬಂದ ಹಡಗುಗಳನ್ನು ಪರೀಕ್ಷಿಸುತ್ತಿದ್ದರು.  ಗದಗಿನಲ್ಲಾಗಲಿ ಬುಶೈರಿನಲ್ಲಾಗಲಿ ಪರೀಕ್ಷಕನ ಕಣ್ಣು ನೆಟ್ಟಿದ್ದುದು ಮುಖ್ಯವಾಗಿ ಮನುಷ್ಯನ ಮೇಲೆ: ಕಂಕುಳಲ್ಲಿ ಗಂಟಿದೆಯೆ, ತೊಡೆಸಂದಿನಲ್ಲಿ ಬಾವಿದೆಯೆ, ಮೈ ಸುಡುತ್ತಿದೆಯೆ?

ಪ್ಲೇಗಿನ ಜೀವಾಣುವನ್ನು ಯೆರ್ಸಿನನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಆದರೆ ಅದು ಒಂದು ದೇಹದಿಂದ ಇನ್ನೊಂದಕ್ಕೆ ದಾಟುವ ಬಗೆ ತಿಳಿದಿರಲಿಲ್ಲ. 1898ರ ಜೂನಿನಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮಾಂಡ್ ಎಂಬ ಫ್ರೆಂಚ್ ವೈದ್ಯನು, ರೋಗ ತಗುಲಿದ ಇಲಿಯ ಮೈಮೇಲಿನ ಚಿಗಟಗಳೇ ಆರೋಗ್ಯವಂತ ಇಲಿಗೆ ರೋಗವನ್ನು ಒಯ್ಯುವುವೆಂದು ಪ್ರಯೋಗದಿಂದ ತೋರಿಸಿದನು. ವಿದ್ವಾಂಸರು ಅವನನ್ನು ನಂಬಲಿಲ್ಲ. ನಂಬಿಕೆ ಬಂದುದು 1905ರಲ್ಲಿ ಪ್ಲೇಗು ಆಯೋಗದವರು ಮುಂಬಯಿಯ ಪರೇಲಿನಲ್ಲಿ ಪ್ರಯೋಗಗಳನ್ನು ಕೈಗೊಂಡ ಬಳಿಕ.

ಆ ಪ್ರಯೋಗಗಳ ಸರಳತೆಯನ್ನು ನೆನೆದಾಗಲೆಲ್ಲ ಮನಸ್ಸು ಹಿಗ್ಗುತ್ತದೆ. ರೋಗದ ಚಿಗಟಗಳಿದ್ದ ಕೋಣೆಯಲ್ಲಿ ಗಿನಿಯಿಲಿಗಳ ಪಂಜರಗಳನ್ನು ಇಟ್ಟರು: ಒಂದು ನೆಲದ ಮೇಲೆ, ಒಂದು ನೆಲದಿಂದ 2 ಇಂಚು ಎತ್ತರದಲ್ಲಿ, ಇನ್ನೊಂದು 2 ಅಡಿ ಎತ್ತರದಲ್ಲಿ ತೂಗಾಡುವಂತೆ. ನೆಲದ ಪ್ರಾಣಿಗೂ 2 ಇಂಚಿನ ಮೇಲಿದ್ದುದಕ್ಕೂ ಪ್ಲೇಗು ತಗುಲಿತು. 2 ಅಡಿಯ ಮೇಲಿದ್ದುದು ನಿರೋಗಿಯಾಗಿ ಉಳಿಯಿತು. ಮೂರಕ್ಕೂ ಗಾಳಿ ಒಂದೇ, ಕೋಣೆ ಒಂದೇ. ವ್ಯತ್ಯಾಸವಿದ್ದುದು ಚಿಗಟದ ನೆಗೆತದ ಎತ್ತರವೊಂದರಲ್ಲಿಯೇ. ದುಷ್ಟವಾಯುವಿನಿಂದ ಪ್ಲೇಗು ಹರಡುವುದೆಂಬ ಶತಮಾನಗಳ ವಾದವು ಈ 2 ಅಡಿಗಳಲ್ಲಿ ಕುಸಿದುಬಿದ್ದಿತು.

ಚಿಗಟದೊಳಗೆ ನಡೆಯುವುದನ್ನು 1914ರಲ್ಲಿ ಬೇಕಟ್ ಮತ್ತು ಮಾರ್ಟಿನ್ ಎಂಬ ಸಂಶೋಧಕರು ವಿವರಿಸಿದರು. ಹೂಳು ತುಂಬಿದ ತೂಬಿನಂತೆ ಚಿಗಟದ ಅನ್ನದಾರಿಯು ಜೀವಾಣುಗಳ ಮುದ್ದೆಯಿಂದ ಕಟ್ಟಿಕೊಳ್ಳುತ್ತದೆ; ಹೀರಿದ ರಕ್ತವು ಹೊಟ್ಟೆಗಿಳಿಯದೆ, ಜೀವಾಣುಗಳೊಂದಿಗೆ ಕಚ್ಚಿದ ಗಾಯಕ್ಕೇ ಹಿಂದಿರುಗುತ್ತದೆ. ಹಸಿವು ತೀರದ ಚಿಗಟವು ಮತ್ತೆ ಮತ್ತೆ ಕಚ್ಚುತ್ತದೆ. ಇಲಿ ಸತ್ತು ಮೈ ತಣ್ಣಗಾದೊಡನೆ ಅದನ್ನು ತೊರೆದು ಬಿಸಿರಕ್ತದ ಬೇರೊಂದು ದೇಹವನ್ನು ಅರಸುತ್ತದೆ. ಸಮೀಪದಲ್ಲಿ ಬೇರೆ ಇಲಿ ಇಲ್ಲದಿದ್ದರೆ ಆ ದೇಹವು ನೆಲದ ಮೇಲೆ ಮಲಗಿದ ಮನುಷ್ಯನದಾಗುತ್ತದೆ. ಈ ಚಿಗಟದ ಮರಿಹುಳುಗಳು ಕಾಳಿನ ಹೊಟ್ಟು ದೂಳಿನಲ್ಲಿಯೂ ಬೆಳೆಯಬಲ್ಲವಾದುದರಿಂದ, ಪ್ರಯಾಣಿಕನು ದಿನಗಟ್ಟಲೆ ತಡೆಯಲ್ಪಟ್ಟಿರುವಾಗ ಜೋಳದ ಚೀಲವು ಯಾರ ಅಡ್ಡಿಯೂ ಇಲ್ಲದೆ ಅವನ್ನು ಮುಂದಿನ ಊರಿಗೆ ಹೊತ್ತೊಯ್ಯಬಹುದಾಗಿತ್ತು.

ಈಗ ಹಳ್ಳಿಗರ ಕ್ರಮವನ್ನು ನೋಡಿರಿ. ಇಲಿ ಬೀಳುವುದು ಮನುಷ್ಯನು ಬೀಳುವುದಕ್ಕೆ ಮುನ್ಸೂಚನೆಯೆಂದು ಅವರು ಗ್ರಹಿಸಿದ್ದರು. ಮಣ್ಣಿನ ಗೋಡೆಯ ಬಿಲಗಳನ್ನೂ ಹಗೇವಿನ ಕಾಳನ್ನೂ ಹಿಂದಿಟ್ಟು, ಬಯಲಿನ ಬಿಸಿಲಿಗೆ ಹೋದವರು ಇಲಿ ಚಿಗಟಗಳೆರಡರಿಂದಲೂ ದೂರವಾದರು. ಊರಲ್ಲಿ ಉಳಿದವರಿಗೆ ನೆರವಾದುದು ಲಸಿಕೆ. ವಿಜ್ಞಾನಿ ಹಾಫ್‌ಕಿನ್ನನು 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ ಆ ಲಸಿಕೆಯನ್ನು 1898ರಲ್ಲಿ ಹುಬ್ಬಳ್ಳಿಯ ಸಹಸ್ರಾರು ಜನರಿಗೆ ಸರ್ಜನ್ ಕ್ಯಾಪ್ಟನ್ ಲ್ಯೂಮನ್ನನು ಹಾಕಿದನು. ಲಸಿಕೆಯೂ ಊರು ಬಿಡುವ ವಾಡಿಕೆಯೂ ಬಹುಮಟ್ಟಿಗೆ ಜನರ ಸಮ್ಮತಿಯಿಂದ ನಡೆದವು. ಮನೆ ಹೊಕ್ಕು ಶೋಧಿಸುವ ಬಲಾತ್ಕಾರವಾದರೋ ರೋಗಿಯನ್ನು ಅಟ್ಟದ ಕತ್ತಲೆಯಲ್ಲಿ, ಅದೂ ಇಲಿಗಳ ನಡುವೆ, ಬಚ್ಚಿಡುವಂತೆ ಮಾಡಿತು.

ಆದುದರಿಂದ ಹಿರಿಯರ ಈ ನೆನಪುಗಳನ್ನು ಮೂಢನಂಬಿಕೆಯೆಂದು ತಳ್ಳದೆ ಬರೆದಿಡಬೇಕು: ಯಾವ ಋತುವಿನಲ್ಲಿ ಇಲಿ ಬಿದ್ದುವು, ಎಷ್ಟು ದಿನಗಳ ಬಳಿಕ ಮನುಷ್ಯರು ಕಾಯಿಲೆ ಬಿದ್ದರು, ಯಾವ ಹೊಲಕ್ಕೆ ಹೋದರು, ಯಾವಾಗ ಮರಳಿದರು. ರೋಗವು ಮತ್ತೆ ಬಂದರೆ ಮೊದಲು ಕಾಣುವವನು ದೂರದ ಬಂದರಿನ ಅಧಿಕಾರಿಯಲ್ಲ. ಸತ್ತ ಇಲಿಯನ್ನು ತನ್ನ ಹಗೇವಿನ ಬಳಿ ಕಂಡ ರೈತ. ಅವನು ನಿರ್ಭಯವಾಗಿ ಬಂದು ಹೇಳುವಂತಹ ಆರೋಗ್ಯ ಕಛೇರಿಯು ಪ್ರತಿ ಹೋಬಳಿಯಲ್ಲಿಯೂ ಇರಬೇಕು.