ಕನ್ನಡಿಯ ದೂರು, ಕತ್ತಿಯ ಉತ್ತರ

ಮೈಕಟ್ಟು ತೆಳ್ಳಗಿದ್ದರೂ ಕೆಲವರಿಗೆ ಗದ್ದದ ಕೆಳಗೆ ಇನ್ನೊಂದು ಗದ್ದ ಇಳಿಬಿದ್ದಿರುತ್ತದೆ. ಊಟವನ್ನು ಕಡಮೆ ಮಾಡಿದರೂ, ದಿನವೂ ಮುಂಜಾನೆ ಹರಿದಾರಿ ನಡೆದರೂ ಅದು ಜಗ್ಗುವುದಿಲ್ಲ. ಹೆತ್ತವರಿಂದ ಬಳುವಳಿಯಾಗಿ ಬಂದ ಮುಖದ ಕಟ್ಟು ಅದಕ್ಕೆ ಕಾರಣವಾಗಿರಬಹುದು. ವಯಸ್ಸೂ ತನ್ನ ಪಾಲನ್ನು ಸೇರಿಸುತ್ತದೆ. ಈ ಕೊಬ್ಬನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಇಂದು ಸಾಮಾನ್ಯ ಸಂಗತಿ. ಆದರೆ ಈ ವಿದ್ಯೆ ಸುಲಭವಾಗಿ ಕೈಗೂಡಿದುದಲ್ಲ.

1920ರ ದಶಕದಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ಷಾರ್ಲ್ ದ್ಯುಜಾರಿಯೆ ಅವರು ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೊರಟರು. ಕಾಲು ಕೊಳೆಯತೊಡಗಿತು, ಕೊನೆಗೆ ಅದನ್ನು ಕತ್ತರಿಸಲೇಬೇಕಾಯಿತು. ಚೆಲುವನ್ನು ಬಯಸಿ ಬಂದವಳು ನಡೆಯುವ ಕಾಲನ್ನೇ ಕಳೆದುಕೊಂಡಳು. ಆ ಬಳಿಕ ಬಹುಕಾಲ ವೈದ್ಯರು ಆ ಹಾದಿಯನ್ನು ತುಳಿಯಲು ಅಂಜಿದರು. 1970ರ ದಶಕದಲ್ಲಿ ರೋಮಿನ ಅರ್ಪಾದ್ ಫಿಷರ್ ಹಾಗೂ ಅವರ ಮಗ ಜಾರ್ಜಿಯೊ ಫಿಷರ್ ಕೊಳವೆಯಿಂದ ಕೊಬ್ಬನ್ನು ಹೀರುವ ಕ್ರಮವನ್ನು ತಂದರು. ಪ್ಯಾರಿಸ್ಸಿನ ಇವ್ ಜೆರಾರ್ ಇಲ್ಲೂಸ್ ಅವರು ಮೊಂಡು ತುದಿಯ ಕೊಳವೆಯನ್ನು ಬಳಸಿ, ನರಗಳಿಗೂ ರಕ್ತನಾಳಗಳಿಗೂ ಆಗುವ ಹಾನಿಯನ್ನು ತಗ್ಗಿಸಿದರು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯದ ಚರ್ಮವೈದ್ಯ ಜೆಫ್ರಿ ಕ್ಲೈನ್ ಅವರು ಉಪ್ಪುನೀರಿನಲ್ಲಿ ಲಿಡೊಕೇನ್ ಮತ್ತು ಅಡ್ರಿನಲಿನ್ ಬೆರೆಸಿ ಕೊಬ್ಬಿನೊಳಕ್ಕೆ ತುಂಬುವ ಉಪಾಯವನ್ನು ಕಂಡುಕೊಂಡರು. ಇದರಿಂದ ಆ ಭಾಗ ಮರಗಟ್ಟುತ್ತದೆ, ರಕ್ತಸ್ರಾವವೂ ಕಡಮೆಯಾಗುತ್ತದೆ.

ಗದ್ದದ ಕೆಳಗಿನ ಚಿಕಿತ್ಸೆಯಲ್ಲಿ ವೈದ್ಯರು ಅಲ್ಲಿಯ ಮಡಿಕೆಯಲ್ಲಿ, ಒಮ್ಮೊಮ್ಮೆ ಕಿವಿಯ ಹಾಲೆಗಳ ಹಿಂದೆಯೂ, ಕೆಲವು ಮಿಲಿಮೀಟರುಗಳಷ್ಟೇ ಕೊಯ್ದು, ಸಣ್ಣ ಕೊಳವೆಯನ್ನು ತೂರಿಸಿ ಕೊಬ್ಬನ್ನು ಹೀರುತ್ತಾರೆ. ಅನಂತರ ಕೆಲವು ದಿನ ಗದ್ದಕ್ಕೆ ಬಿಗಿಪಟ್ಟಿ ಕಟ್ಟಿರಬೇಕು. ಬಾವು ಪೂರ್ತಿ ಇಳಿದು ಮುಖದ ರೂಪ ನಿಲ್ಲಲು ತಿಂಗಳುಗಳೇ ಬೇಕಾಗಬಹುದು.

ಅಲ್ಲಿಯ ಕೊಬ್ಬು ಹಲಸಿನ ತೊಳೆಯಂತೆ ಬಿಡಿಸಿ ತೆಗೆಯುವ ವಸ್ತುವಲ್ಲ. ಚರ್ಮಕ್ಕೂ ಹಾಳೆಯಂತಹ ತೆಳುವಾದ ಸ್ನಾಯುವಿಗೂ ನಡುವೆ ಅದು ಹರಡಿಕೊಂಡಿದೆ. ಕೆಳತುಟಿಯನ್ನು ಆಡಿಸುವ ನರವೊಂದು ದವಡೆಯ ಅಂಚಿನಲ್ಲೇ ಸಾಗುತ್ತದೆ. ಅದಕ್ಕೆ ಪೆಟ್ಟು ತಗುಲಿದರೆ ನಕ್ಕಾಗ ತುಟಿ ಸೊಟ್ಟಗಾಗುತ್ತದೆ. ಬಹುಮಟ್ಟಿಗೆ ಇದು ಕ್ರಮೇಣ ಸರಿಹೋಗುವುದಾದರೂ ಅಪರೂಪವಾಗಿ ಉಳಿದುಬಿಡುವುದೂ ಉಂಟು. ಕೊಬ್ಬನ್ನು ಅತಿಯಾಗಿ ತೆಗೆದರೆ ಕೊರಳು ಕುಳಿಬಿದ್ದು, ಇಲ್ಲದ ಮುಪ್ಪು ಕಾಣಿಸಿಕೊಳ್ಳುತ್ತದೆ.

ಎಲ್ಲ ಜೋಲು ಗದ್ದವೂ ಕೊಬ್ಬಿನದೇ ಅಲ್ಲ. ಚರ್ಮ ಸಡಿಲವಾಗಿದ್ದರೆ ಕೊಬ್ಬು ಹೋದರೂ ಜೋಲು ಹೋಗದು. ಸ್ನಾಯುವನ್ನೂ ಚರ್ಮವನ್ನೂ ಬಿಗಿಗೊಳಿಸುವ ಹಿರಿಯ ಶಸ್ತ್ರಚಿಕಿತ್ಸೆಯೇ ಆಗಬೇಕು. ಗದ್ದದ ಮೂಳೆ ಹಿಂದಕ್ಕೆ ಸರಿದಿದ್ದರೂ, ಗ್ರಂಥಿಗಳು ಊದಿದ್ದರೂ ನೋಡುವವರಿಗೆ ಕೊಬ್ಬಿನಂತೆಯೇ ತೋರುತ್ತದೆ. ಕೊಬ್ಬಿನ ಕಣಗಳನ್ನು ಕರಗಿಸುವ ಡಿಆಕ್ಸಿಕೋಲಿಕ್ ಆಮ್ಲದ ಚುಚ್ಚುಮದ್ದಿಗೆ 2015ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದಕ್ಕೂ ಇದೇ ವಿವೇಚನೆ ಅಗತ್ಯ.

ಆದಕಾರಣ ಕತ್ತಿಯನ್ನು ಹಿಡಿಯುವ ಮೊದಲು ಬೆರಳಿನಿಂದ ಒತ್ತಿ, ಕೊರಳನ್ನು ತಿರುಗಿಸಿ, ಉಬ್ಬಿನ ಮೂಲವನ್ನು ಅರಿಯುವವನೇ ಒಳ್ಳೆಯ ವೈದ್ಯ. ಪರೀಕ್ಷಿಸಿದ ಬಳಿಕ ‘ನಿಮಗೆ ಇದು ಬೇಡ’ ಎಂದು ಆತ ಹೇಳಿದರೆ ಬೇಸರಪಡಬೇಕಾದುದಿಲ್ಲ. ಆ ಮಾತೂ ಚಿಕಿತ್ಸೆಯ ಒಂದು ಭಾಗವೇ.