ಕ್ಯಾನ್ ಫಳಫಳ, ಹಾಲು ಯಾಕೆ ಹುಳಿ?

ಹಾಲಿನ ಕ್ಯಾನ್ ಕಣ್ಣಿಗೆ ಫಳಫಳ. ಮೂಗಿಗೂ ವಾಸನೆಯಿಲ್ಲ. ಆದರೂ ಬೇಸಿಗೆಯಲ್ಲಿ ಸಂಘಕ್ಕೆ ಮುಟ್ಟುವಾಗ ಹಾಲು ಹುಳಿ! ವಾಪಸ್ಸಾದರೆ ಆ ಹೊತ್ತಿನ ಹಿಂಡಿಯ ದುಡ್ಡೂ ನೀರಪಾಲು. ತಪ್ಪು ದನದ್ದೋ, ಬಕೆಟಿನದ್ದೋ, ಕ್ಯಾನಿನದ್ದೋ? ಪತ್ತೆಗೆ ನಾನು ನೆಚ್ಚಿಕೊಂಡದ್ದು ಡೇರಿಗಳ ಹಳೆಯ ಮಿಥಿಲೀನ್ ಬ್ಲೂ ಪರೀಕ್ಷೆಯನ್ನು.

ಈ ನೀಲಿ ಬಣ್ಣ ಬೆರೆತ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಆಮ್ಲಜನಕ ಮುಗಿಸುತ್ತ ಬಂದಂತೆ ನೀಲಿ ಮಾಯ. ಅವು ಹೆಚ್ಚಿದ್ದಷ್ಟೂ ಬೇಗ. ಹಸಿ ಹಾಲಿನಲ್ಲಿ 5 ಗಂಟೆ ನೀಲಿ ನಿಂತರೆ ಬಹಳ ಒಳ್ಳೆಯದು. ಅರ್ಧ ಗಂಟೆಯೊಳಗೆ ಹೋದರೆ ಕಳಪೆ.

ಮೂರು ಸೀಸೆ

ಕುದಿಸಿ ಆರಿಸಿದ ಮೂರು ಸೀಸೆ ತೆಗೆದುಕೊಳ್ಳಿ. ಒಂದೇ ದನದ, ಒಂದೇ ಹೊತ್ತಿನ ಹಾಲು. ಕೆಚ್ಚಲು ತೊಳೆದು ಒರಸಿ, ಮೊದಲ ಧಾರೆ ಬಿಟ್ಟು, ನೇರ ಹಿಂಡಿದ್ದು ಒಂದಕ್ಕೆ. ಬಕೆಟಿನದ್ದು ಎರಡನೆಯದಕ್ಕೆ. ಕ್ಯಾನಿಗೆ ಸುರಿದು, ಮುಚ್ಚಳ ಹಾಕಿ ಅಲುಗಾಡಿಸಿದ್ದು ಮೂರನೆಯದಕ್ಕೆ. ತಲಾ 10 ಮಿ.ಲೀ. ಹಾಲಿಗೆ 1 ಮಿ.ಲೀ. ಬಣ್ಣದ ದ್ರಾವಣ. ದ್ರಾವಣವನ್ನು ಹಾಲು ಪರೀಕ್ಷೆ ತಿಳಿದವರಿಂದಲೇ ಮಾಡಿಸಿಕೊಳ್ಳಿ. 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಬಿಸಿಲು ತಾಗದಂತಿಟ್ಟು ಅರ್ಧ ಗಂಟೆಗೊಮ್ಮೆ ನೋಡಿ.

ನನ್ನಲ್ಲಿ ಮೊದಲೆರಡು ನೀಲಿಯಾಗಿಯೇ ಇದ್ದವು, ಮೂರನೆಯದು ಬೆಳ್ಳಗಾಯಿತು. ಕಳ್ಳ ಕ್ಯಾನಿನಲ್ಲೇ! ಮುಚ್ಚಳದ ರಬ್ಬರ್ ರಿಂಗ್ ಎಬ್ಬಿಸಿದರೆ ಅಡಿಯಲ್ಲಿ ಲೋಳೆ. ಬಿರುಕಿನಲ್ಲಿ ಕೂತ ಹಾಲಿನಂಶ ತಿಂದು ಬ್ಯಾಕ್ಟೀರಿಯಾಗಳು ಪದರ ಕಟ್ಟುತ್ತವೆ. ಆ ಪದರ ಬರೀ ನೀರಿಗೆ ಜಗ್ಗುವುದಿಲ್ಲ, ಉಜ್ಜಲೇಬೇಕು. ಒಂದನೇ ಸೀಸೆಯೇ ಬೇಗ ಬಿಳುಪಾದರೆ ಕೆಚ್ಚಲು ಬಾವಿನ ಸಂಶಯವಿರಲಿ.

ತೊಳೆಯುವ ಕ್ರಮ

ಹಾಲು ಸುರಿದ ಕೂಡಲೇ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಮೊದಲೇ ಕುದಿನೀರು ಹಾಕಿದರೆ ಹಾಲಿನಂಶ ಗಟ್ಟಿ ಹಿಡಿದುಕೊಳ್ಳುತ್ತದೆ. ರಿಂಗ್ ಕಳಚಿ, ವಾಷಿಂಗ್ ಸೋಡಾದ ಬಿಸಿನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ. ಕೊನೆಗೆ ಕುದಿನೀರು. ಬೋರಲು ಹಾಕಿ ಬಿಸಿಲಲ್ಲಿ ಒಣಗಿಸಿ. ಬಿರುಕು ಬಿಟ್ಟ ರಿಂಗ್ ಬದಲಿಸಿ. ಆಮೇಲೆ ಮತ್ತೊಮ್ಮೆ ಮೂರು ಸೀಸೆ ಇಟ್ಟರೆ ತೊಳೆದದ್ದು ಸಾಕೋ ಇಲ್ಲವೋ ತಿಳಿಯುತ್ತದೆ.

ದೊಡ್ಡ ಕಾರ್ಖಾನೆಗಳಲ್ಲಿ ಪಾತ್ರೆಯನ್ನು ಹತ್ತಿಕಡ್ಡಿಯಂಥದ್ದರಲ್ಲಿ ಒರಸಿ, ಮಿಂಚುಹುಳದ ಬೆಳಕಿನ ಕಿಣ್ವದಿಂದ ಕೆಲವೇ ಸೆಕೆಂಡಿನಲ್ಲಿ ಕೊಳೆ ಅಳೆಯುವ ಎಟಿಪಿ ಯಂತ್ರವಿದೆ. ಆದರೆ ಉಳಿದ ಹಾಲಿನಂಶಕ್ಕೂ ಅದು ಬೆಳಗುತ್ತದೆ. ನಮ್ಮ ನೀಲಿಯೂ ರೋಗಾಣು ಯಾವುದೆಂದು ಹೇಳದು. ಹಾಗಾಗಿ ಹಾಲು ಕಾಯಿಸಿಯೇ ಕುಡಿಯಿರಿ, ಪರೀಕ್ಷೆಯ ಹಾಲು ಚೆಲ್ಲಿಬಿಡಿ.

ಇವತ್ತೇ ನಿಮ್ಮ ಕ್ಯಾನಿನ ರಿಂಗ್ ಎಬ್ಬಿಸಿ ನೋಡಿ.