ಕಟ್ಟದ ಪೆಟ್ಟಿಗೆಯ ಬೆಲೆ

ಶೂದ್ರಕನ ‘ಮೃಚ್ಛಕಟಿಕ’ವನ್ನು ಓದಿದವರಿಗೆ ಚಾರುದತ್ತನ ಮಗ ರೋಹಸೇನನ ಅಳು ನೆನಪಿರಬಹುದು. ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ ಆ ಮಗುವಿಗೆ, ಬಂಡಿ ತನ್ನ ಒಡೆಯನ ಮನೆಗೆ ಹಿಂದಿರುಗಿದ ಮೇಲೆ, ದಾಸಿ ಮಾಡಿಕೊಟ್ಟ ಮಣ್ಣಿನ ಬಂಡಿ ಒಗ್ಗುವುದಿಲ್ಲ. ವಸಂತಸೇನೆ ಮೈಮೇಲಿನ ಒಡವೆಗಳನ್ನು ಬಿಚ್ಚಿ ಮಣ್ಣಿನ ಬಂಡಿಗೆ ತುಂಬುತ್ತಾಳೆ; ಇದರಿಂದ ಚಿನ್ನದ ಬಂಡಿ ಮಾಡಿಸಿಕೋ ಎನ್ನುತ್ತಾಳೆ. ನಾಟಕಕ್ಕೆ ಹೆಸರು ಬಂದದ್ದು ಮಾತ್ರ ಆ ಮಣ್ಣಿನ ಬಂಡಿಯಿಂದಲೇ. ಆಟಿಕೆಗೆ ಬೆಲೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅಷ್ಟು ಹಳೆಯದು. ನಾನು ಈಗ ಹೇಳಹೊರಟಿರುವುದು ಪ್ಲಾಸ್ಟಿಕ್ಕಿನ ಒಂದು ಬಂಡಿಯ ವಿಚಾರ, ಪ್ರಶ್ನೆಯೇನೋ ಅದೇ.

ರೇಡಿಯೊ ಬಗ್ಗಿ ಎಂದು ಇದಕ್ಕೆ ಹೆಸರು. ನಿಜವಾದ ವಾಹನದ ಹತ್ತನೆಯ ಒಂದು ಪಾಲಿನ ಗಾತ್ರ. ಮಣ್ಣು, ಮರಳು, ಹುಲ್ಲುಗಳ ಮೇಲೆ ಓಡಲೆಂದೇ ಮಾಡಿದ ಮುಳ್ಳುಮುಳ್ಳಾದ ಚಕ್ರಗಳು. ಬೆನ್ನಲ್ಲಿ ಒಂದು ಮೋಟರು, ಹೊಟ್ಟೆಯಲ್ಲಿ ಒಂದು ಬ್ಯಾಟರಿ. ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕುವ ಆಟದ ಕಾರಿಗೂ ಇದಕ್ಕೂ ಇರುವ ಅಂತರ, ಹೋಟೆಲಿನ ಊಟಕ್ಕೂ ಮನೆಯ ಅಡಿಗೆಗೂ ಇರುವ ಅಂತರದಂಥದು. ಇದು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ತಿರುಪು, ಹಲ್ಲುಚಕ್ರ, ಸ್ಪ್ರಿಂಗು, ಕೀಲು, ಎಲ್ಲವನ್ನೂ ಕೊಂಡವನೇ ಜೋಡಿಸಿಕೊಳ್ಳಬೇಕು. ಕಟ್ಟಿದ ಮೇಲೆ ಕೆಲಸ ಮುಗಿಯುವುದೂ ಇಲ್ಲ. ವೀಣೆಯಂತೆ ಅದನ್ನು ಶ್ರುತಿಗೊಳಿಸಬೇಕು.

ಇಂಥ ಪೆಟ್ಟಿಗೆಗಳ ತವರು ಜಪಾನಿನ ಶಿಜುವೊಕಾ ನಗರ. ಮರಗೆಲಸಕ್ಕೆ ಹೆಸರಾದ ಊರು ಅದು. ಅಲ್ಲಿ ಯೊಶಿಯೊ ತಮಿಯಾ ಎಂಬವರು 1946ರಲ್ಲಿ ತೆರೆದದ್ದು ಮರದ ವ್ಯಾಪಾರ. ಮರದಿಂದ ಮರದ ಮಾದರಿಗಳು, ಮರದ ಮಾದರಿಗಳಿಂದ ಪ್ಲಾಸ್ಟಿಕ್ಕಿನ ಮಾದರಿಗಳು ಹುಟ್ಟಿದವು. ಅವರ ಮಗ ಶುನ್ಸಾಕು ತಮಿಯಾ ಪೋರ್ಷೆ ಕಾರಿನ ಮಾದರಿಯೊಂದನ್ನು ಮಾಡಬೇಕೆಂದಾಗ, ನಿಜವಾದ ಕಾರೊಂದನ್ನೇ ಕೊಂಡು ಬಿಚ್ಚಿ ಅಳತೆ ತೆಗೆದರೆಂಬುದು ಪ್ರಸಿದ್ಧವಾದ ಸಂಗತಿ. 1976ರಲ್ಲಿ ಆ ಮಾದರಿಗೆ ರೇಡಿಯೊ ಅಳವಡಿಸಿದ್ದರಿಂದ ಅವರ ಮೊದಲ ರೇಡಿಯೊ ಕಾರು ಬಂದಿತು. 1979ರಲ್ಲಿ ಮರಳಿನಲ್ಲಿ ಓಡುವ ಬಗ್ಗಿಗಳು ಬಂದವು. 1984ರಲ್ಲಿ ‘ಗ್ರಾಸ್‌ಹಾಪರ್’ ಮತ್ತು ‘ಹಾರ್ನೆಟ್’ ಬಂದವು. ಒಂದು ಮಿಡತೆ, ಇನ್ನೊಂದು ಕಣಜ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತೆಂಬುದು ಅವು ಓಡುವುದನ್ನು ಕಂಡವರಿಗೆ ತಿಳಿಯುತ್ತದೆ: ಎರಡೂ ಓಡುವುದಕ್ಕಿಂತ ಹೆಚ್ಚಾಗಿ ಜಿಗಿಯುತ್ತವೆ.

ನನ್ನ ಅಣ್ಣ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. 1985ರಲ್ಲಿ ತರಬೇತಿಗೆಂದು ಆರು ತಿಂಗಳು ಜಪಾನಿಗೆ ಹೋಗಿದ್ದವನು ಮೈಸೂರಿಗೆ ಹಿಂದಿರುಗುವಾಗ ತಾಯಿಗೆ ಒಂದು ಶಾಲು, ನನಗೆ ಒಂದು ಪೆನ್ನು, ತನಗೆ ಒಂದು ‘ಹಾರ್ನೆಟ್’ ಪೆಟ್ಟಿಗೆ ತಂದ. ಆ ಪೆಟ್ಟಿಗೆ ಬೀರುವಿನ ಮೇಲೇರಿ ಕುಳಿತಿತು. ರೇಡಿಯೊ, ಬ್ಯಾಟರಿ, ಅದಕ್ಕೆ ವಿದ್ಯುತ್ತು ತುಂಬುವ ಸಾಧನ ಇವಾವುವೂ ಪೆಟ್ಟಿಗೆಯೊಳಗೆ ಇರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಎಲ್ಲ ಸೇರಿದರೆ ಬಂಡಿಗಿಂತ ಅವುಗಳ ಬೆಲೆಯೇ ಹೆಚ್ಚು. ನಾನು ಆಗ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ, ತಂಗಿಯ ಮದುವೆ ಎದುರಿಗಿತ್ತು. ‘ನಿವೃತ್ತಿಯಾದ ಮೇಲೆ ಕಟ್ಟೋಣ’ ಎಂದು ಅಣ್ಣ ನಗುತ್ತಿದ್ದ. ನಿವೃತ್ತಿಯೂ ಆಯಿತು, ಆ ಹೊತ್ತಿಗೆ ಕೈ ನಡುಗತೊಡಗಿತ್ತು. ಅವನು ತೀರಿಕೊಂಡದ್ದು 2019ರಲ್ಲಿ. ಮನೆ ಖಾಲಿ ಮಾಡುವಾಗ ಅವನ ಮಗಳು ಪೆಟ್ಟಿಗೆಯನ್ನು ನನ್ನಲ್ಲಿಗೆ ತಂದು, ‘ಚಿಕ್ಕಪ್ಪ, ನಿಮಗೆ ಸರಿ ಕಂಡಂತೆ ಮಾಡಿ’ ಎಂದಳು.

ಸರಿ ಯಾವುದು ಎಂಬುದೇ ಕಷ್ಟದ ಮಾತಾಯಿತು. ಹಳೆಯ ಆಟಿಕೆಗಳನ್ನು ಸಂಗ್ರಹಿಸುವ ಪರಿಚಿತರೊಬ್ಬರು ಬಂದು ನೋಡಿ, ‘ದಯವಿಟ್ಟು ಮುಟ್ಟಬೇಡಿ’ ಎಂದರು. ಕಟ್ಟದೆ ಉಳಿದ ಮೊದಲ ಮುದ್ರಣದ ಪೆಟ್ಟಿಗೆಗೆ ಸಂಗ್ರಾಹಕರ ನಡುವೆ ಒಳ್ಳೆಯ ಬೆಲೆ ಉಂಟಂತೆ. ಒಂದು ತಿರುಪು ಬಿಗಿದರೂ ಆ ಬೆಲೆ ಇಳಿಯುತ್ತದಂತೆ. ಅವರು ಹೇಳಿದ್ದು ನಿಜವೇ. 2004ರಲ್ಲಿ ಕಂಪನಿಯೇ ‘ಹಾರ್ನೆಟ್’ ಅನ್ನು ಮತ್ತೆ ಹೊರತಂದಿದೆ. ಓಡಿಸುವ ಆಸೆಯಿದ್ದವರು ಅದನ್ನು ಕೊಳ್ಳಬಹುದು. ಹಳೆಯದನ್ನು ಹಾಗೆಯೇ ಮಾರಿದರೆ ಅಣ್ಣನ ಮೊಮ್ಮಗನ ಒಂದು ವರ್ಷದ ಶಾಲೆಯ ಖರ್ಚಿಗಾದರೂ ಆದೀತು. ಬಳಸಿದರೆ ಕೆಡುವ, ಬಳಸದಿದ್ದರೆ ಬೆಳೆಯುವ ಬೆಲೆ ಇದು. ಅರ್ಥಶಾಸ್ತ್ರಜ್ಞರಿಗೆ ಇದರಲ್ಲಿ ವಿಚಿತ್ರವೇನೂ ಕಾಣದಿರಬಹುದು. ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು. ಎಂದೂ ತೆರೆಯದ ಪುಸ್ತಕಕ್ಕೆ ಓದಿದ ಪುಸ್ತಕಕ್ಕಿಂತ ಗೌರವ ಹೆಚ್ಚು ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೂ ತೀರ್ಮಾನ ಮಾಡಿಸಿದ್ದು ನನ್ನ ಮನಸ್ಸಲ್ಲ. ಮುಚ್ಚಳ ತೆಗೆದಾಗ ಮೇಲೆಯೇ ಕೈಪಿಡಿ ಇತ್ತು. ಈ ಕೈಪಿಡಿಗಳು ಬಹಳ ಚೆಂದ: ಮಾತು ಕಡಮೆ, ಚಿತ್ರ ಹೆಚ್ಚು. ಪ್ರತಿ ತಿರುಪನ್ನೂ ಅದರ ನಿಜವಾದ ಅಳತೆಯಲ್ಲೇ ಬರೆದಿರುತ್ತಾರೆ. ಕೈಯಲ್ಲಿರುವ ತಿರುಪನ್ನು ಕಾಗದದ ಮೇಲಿಟ್ಟರೆ ಇದು ಅದೇ ಹೌದೋ ಅಲ್ಲವೋ ಎಂಬುದು ಗೊತ್ತಾಗುತ್ತದೆ. ಅಂಥ ಒಂದೊಂದು ಚಿತ್ರದ ಪಕ್ಕದಲ್ಲಿಯೂ ಪೆನ್ಸಿಲಿನಿಂದ ಒಂದು ಸಣ್ಣ ಗುರುತು ಇತ್ತು. ಅಣ್ಣ ಯಾವಾಗಲೋ ಪೆಟ್ಟಿಗೆ ತೆರೆದು, ತಿರುಪುಗಳನ್ನೆಲ್ಲ ಎಣಿಸಿ, ಸರಿಯಾಗಿವೆ ಎಂದು ಗುರುತು ಹಾಕಿ, ಚೀಲಗಳನ್ನು ಮೊದಲಿನಂತೆ ಜೋಡಿಸಿಟ್ಟು ಮುಚ್ಚಿದ್ದ. ನಾವು ಯಾರೂ ಅದನ್ನು ಕಂಡಿರಲಿಲ್ಲ.

ಅಣ್ಣನ ಮೊಮ್ಮಗನಿಗೆ ಆಗ ಹದಿಮೂರು ವರ್ಷ. ಪರೀಕ್ಷೆಯ ಅಂಕಗಳನ್ನು ನೋಡಿ ಮನೆಯವರು ಅವನ ವಿಷಯದಲ್ಲಿ ಸ್ವಲ್ಪ ನಿರಾಶರಾಗಿದ್ದ ಕಾಲ. ಬೇಸಗೆಯ ರಜೆಯಲ್ಲಿ ಅವನನ್ನು ಕರೆದುಕೊಂಡು ಕಟ್ಟಲು ಕುಳಿತೆ. ನಾನು ಓದುವವನು, ಅವನು ಕಟ್ಟುವವನು ಎಂದು ಕೆಲಸ ಹಂಚಿಕೊಂಡೆವು. ಅವನು ಮುಗಿಸಿದ ಪ್ರತಿ ಹಂತಕ್ಕೂ ಅಜ್ಜನ ಪೆನ್ಸಿಲಿನ ಗುರುತಿನ ಪಕ್ಕದಲ್ಲಿ ನೀಲಿ ಶಾಯಿಯ ಗುರುತೊಂದನ್ನು ಹಾಕುತ್ತ ಹೋದ.

ಮೊದಲು ಕಟ್ಟುವುದು ಹಿಂದಿನ ಹಲ್ಲುಚಕ್ರಗಳ ಪೆಟ್ಟಿಗೆ. ಅದರ ನಡುವೆ ಡಿಫರೆನ್ಷಿಯಲ್ ಎಂಬ ಸಣ್ಣ ಏರ್ಪಾಡಿದೆ. ಬಂಡಿ ತಿರುಗುವಾಗ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಮೆ. ಎರಡನ್ನೂ ಒಂದೇ ಇರುಸಿಗೆ ಬಿಗಿದರೆ ಒಂದು ಜಾರಲೇಬೇಕು. ಓರೆಹಲ್ಲಿನ ಪುಟ್ಟ ಚಕ್ರಗಳು ನಡುವೆ ನಿಂತು ಈ ಜಗಳವನ್ನು ಬಗೆಹರಿಸುತ್ತವೆ. ಹುಡುಗ ಅದನ್ನು ಕೈಯಲ್ಲಿ ಹಿಡಿದು, ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಹಿಮ್ಮುಖವಾಗಿ ತಿರುಗುವುದನ್ನು ಕಂಡು ಬಹಳ ಹೊತ್ತು ಸುಮ್ಮನಿದ್ದ. ತರಗತಿಯಲ್ಲಿ ಇದರ ಚಿತ್ರವನ್ನು ಅವನು ಅಂಕಕ್ಕಾಗಿ ಬರೆಯಬಹುದಾಗಿತ್ತು. ಇಲ್ಲಿ ಅದು ಅವನ ಬೆರಳಿಗೆ ಅರ್ಥವಾಯಿತು.

ಆಮೇಲೆ ಎಣ್ಣೆಯ ಡ್ಯಾಂಪರುಗಳು. ಸ್ಪ್ರಿಂಗು ಮಾತ್ರವಿದ್ದರೆ ಬಂಡಿ ಒಂದು ಕಲ್ಲಿಗೆ ಹತ್ತು ಸಲ ಕುಣಿಯುತ್ತದೆ. ಆ ಕುಣಿತವನ್ನು ನುಂಗಲು ಎಣ್ಣೆ ತುಂಬಿದ ಸಣ್ಣ ನಳಿಗೆಯೊಂದರಲ್ಲಿ ತೂತುಳ್ಳ ಪಿಸ್ಟನ್ನು ಚಲಿಸುತ್ತದೆ. ಎಣ್ಣೆ ತುಂಬಿದಾಗ ಗಾಳಿಯ ಗುಳ್ಳೆ ಉಳಿಯಬಾರದು. ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಮೇಲೇರಿ ಒಡೆಯುವ ತನಕ ಕಾಯಬೇಕು. ಇದರಲ್ಲಿ ಅವಸರಕ್ಕೆ ಸ್ಥಳವಿಲ್ಲ. ಕಾಫಿಯ ಡಿಕಾಕ್ಷನ್ ಇಳಿಯುವುದನ್ನು ಕಾಯಬಲ್ಲವರಿಗೆ ಇದೂ ಸಾಧ್ಯ.

ಮೇಲಿನ ಕವಚ ಪಾರದರ್ಶಕವಾದ ಪಾಲಿಕಾರ್ಬೊನೇಟಿನದು. ಬಣ್ಣವನ್ನು ಹೊರಗಿನಿಂದ ಹಚ್ಚಿದರೆ ಮೊದಲ ಮಗುಚುವಿಕೆಗೇ ಕೆರೆದು ಹೋಗುತ್ತದೆ; ಆದಕಾರಣ ಒಳಗಿನಿಂದ ಹಚ್ಚಬೇಕು. ಮೈಸೂರಿನ ಹಳೆಯ ಮನೆಗಳಲ್ಲಿ ಗಾಜಿನ ಹಿಂಬದಿಯಲ್ಲಿ ಬರೆದ ದೇವರ ಪಟಗಳನ್ನು ನೋಡಿದವರಿಗೆ ಈ ವಿದ್ಯೆ ಹೊಸದಲ್ಲ. ಅಲ್ಲಿ ಕಣ್ಣು, ಒಡವೆ, ಅಂಚುಗಳನ್ನು ಮೊದಲು ಬರೆದು ಹಿನ್ನೆಲೆಯನ್ನು ಕೊನೆಗೆ ತುಂಬುತ್ತಾರೆ. ಇಲ್ಲಿಯೂ ಅದೇ ಕ್ರಮ: ಸಣ್ಣದು ಮೊದಲು, ದೊಡ್ಡದು ಆಮೇಲೆ.

ಮೂವತ್ತೈದು ವರ್ಷಗಳ ಮೇಲಾದ ರಬ್ಬರು ಗಡುಸಾಗಿತ್ತು. ಹೊಸ ಆವೃತ್ತಿಯ ಟೈರುಗಳನ್ನು ತರಿಸಿದೆವು, ಸರಿಯಾಗಿ ಕುಳಿತವು. ವೇಗವನ್ನು ಹತೋಟಿಯಲ್ಲಿಡಲು ಪೆಟ್ಟಿಗೆಯಲ್ಲಿದ್ದದ್ದು ತಂತಿಯ ರೋಧಕದ ಹಳೆಯ ಏರ್ಪಾಡು. ನಿಧಾನವಾಗಿ ಓಡಿಸಿದಾಗ ಉಳಿದ ವಿದ್ಯುತ್ತೆಲ್ಲ ಅದರಲ್ಲಿ ಶಾಖವಾಗಿ ವ್ಯರ್ಥವಾಗುತ್ತದೆ. ಅದನ್ನು ಹಾಗೆಯೇ ಎತ್ತಿಟ್ಟು ಇಂದಿನ ಎಲೆಕ್ಟ್ರಾನಿಕ್ ಸಾಧನವನ್ನು ಹಾಕಿದೆವು.

ರೇಡಿಯೊದ ವಿಚಾರದಲ್ಲಿ ಒಂದು ಮಾತು. ಕಾಣದ ಅಲೆಯಿಂದ ದೂರದ ವಸ್ತುವನ್ನು ಆಡಿಸುವ ಕೌತುಕ ನಮ್ಮ ನಾಡಿಗೆ ಪರಕೀಯವಲ್ಲ. 19ನೆಯ ಶತಮಾನದ ಕೊನೆಯ ದಶಕದಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂಥ ಅಲೆಗಳಿಂದ ದೂರದ ಗಂಟೆಯನ್ನು ಬಾರಿಸಿ, ಮದ್ದಿಗೆ ಕಿಡಿ ಹಚ್ಚಿ ತೋರಿಸಿದ್ದರು. 1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿದರು. ಅಣ್ಣನ ಕಾಲದಲ್ಲಿ 27 ಮೆಗಾಹರ್ಟ್ಸಿನ ರೇಡಿಯೊಗಳು ಬಳಕೆಯಲ್ಲಿದ್ದವು. ಒಂದೇ ಹರಳಿನ ಎರಡು ಬಂಡಿಗಳು ಒಂದು ಅಂಗಳದಲ್ಲಿ ಸೇರಿದರೆ ಒಬ್ಬನ ಆಜ್ಞೆಗೆ ಇನ್ನೊಬ್ಬನ ಬಂಡಿ ಓಡುತ್ತಿತ್ತು. ಈಗಿನ 2.4 ಗಿಗಾಹರ್ಟ್ಸಿನ ರೇಡಿಯೊ ತನ್ನ ಜೋಡಿಯನ್ನು ತಾನೇ ಗುರುತಿಸಿಕೊಳ್ಳುತ್ತದೆ.

ಬಂಡಿ ಸಿದ್ಧವಾಯಿತು, ಮನೆಯ ಹಿಂದಿನ ಮೈದಾನಕ್ಕೆ ಒಯ್ದೆವು. ಕಣಜ ತನ್ನ ಸ್ವಭಾವವನ್ನು ಒಡನೆಯೇ ತೋರಿಸಿತು. ಇದರ ಹಿಂಭಾಗದಲ್ಲಿ ಮೋಟರು, ಹಲ್ಲುಪೆಟ್ಟಿಗೆ, ಚಕ್ರ ಎಲ್ಲವೂ ಒಂದೇ ಗಂಟು. ಒಂದು ಚಕ್ರ ಕಲ್ಲನ್ನೇರಿದರೆ ಇಡೀ ಗಂಟು ಮೇಲೇಳುತ್ತದೆ; ಅಷ್ಟು ಭಾರ ನೆಗೆದು ಬಿದ್ದಾಗ ಬಂಡಿ ಕುಣಿಯದೆ ಇನ್ನೇನು ಮಾಡೀತು? ಇನ್ನೊಂದು ದೋಷ, ಭಾರವೆಲ್ಲ ಹಿಂದೆ. ಹಿಂದಿನ ಚಕ್ರ ಮಣ್ಣನ್ನು ಚೆನ್ನಾಗಿ ಕಚ್ಚುತ್ತದೆ ನಿಜ. ಮುಂದಿನದು ಹಗುರವಾಗಿ, ತಿರುವಿನಲ್ಲಿ ಮೂತಿ ನೇರಕ್ಕೆ ಜಾರುತ್ತದೆ.

ಇಲ್ಲಿಂದ ಶ್ರುತಿಯ ಕೆಲಸ. ಹುಡುಗ ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದ. ತೆಳ್ಳನೆಯ ಎಣ್ಣೆ ಹಾಕಿದರೆ ಕುಣಿತ ನಿಲ್ಲಲಿಲ್ಲ, ಬಹಳ ಮಂದವಾದದ್ದು ಹಾಕಿದರೆ ಚಕ್ರ ಹಳ್ಳಕ್ಕಿಳಿಯಲು ಹೊತ್ತು ಹಿಡಿದು ಬಂಡಿ ನೆಲ ಬಿಟ್ಟು ತೇಲಿತು, ನಡುವಿನದು ಒಗ್ಗಿತು. ಮೂತಿಯಲ್ಲಿ ಸೀಸದ ಸಣ್ಣ ಚೂರನ್ನು ಅಂಟಿಸಿದಾಗ ತಿರುವು ಸರಿಹೋಯಿತು. ಒಂದು ಸಂಜೆ ನಾನು ಎಣ್ಣೆಯನ್ನೂ ಸೀಸವನ್ನೂ ಒಟ್ಟಿಗೆ ಬದಲಿಸೋಣ, ಹೊತ್ತು ಉಳಿಯುತ್ತದೆ ಎಂದೆ. ‘ಬೇಡ ತಾತ, ಎರಡನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಗೆ ಗೊತ್ತಾಗತ್ತೆ?’ ಎಂದ. ವಿಜ್ಞಾನದ ವಿಧಾನವೆಂದು ನಾವು ಪಾಠದಲ್ಲಿ ಪುಟಗಟ್ಟಲೆ ಹೇಳುವುದನ್ನು, ಅನುತ್ತೀರ್ಣನೆನಿಸಿಕೊಂಡ ಹುಡುಗ ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ.

ಸ್ಪರ್ಧೆಯ ಲೋಕ ಈ ದೋಷಗಳನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿತು. 1984ರಲ್ಲಿಯೇ ಅಮೆರಿಕದ ಅಸೋಸಿಯೇಟೆಡ್ ಕಂಪನಿಗಾಗಿ ರೋಜರ್ ಕರ್ಟಿಸ್ ರೂಪಿಸಿದ ‘ಆರ್‌ಸಿ10’ ಎಂಬ ಬಗ್ಗಿಯಲ್ಲಿ ಮೋಟರನ್ನೂ ಹಲ್ಲುಪೆಟ್ಟಿಗೆಯನ್ನೂ ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದಿದ್ದರು. ಕಲ್ಲು ಸಿಕ್ಕಾಗ ಚಕ್ರವೂ ಅದರ ತೋಳೂ ಮಾತ್ರ ಮೇಲೇಳುತ್ತಿದ್ದವು. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಈ ವರ್ಗದ ಮೊದಲ ವಿಶ್ವಸ್ಪರ್ಧೆ ನಡೆದಾಗ, ಎರಡು ಚಕ್ರಗಳ ಚಾಲನೆಯ ವಿಭಾಗದಲ್ಲಿ ಜೇ ಹಾಲ್ಸಿ ಗೆದ್ದದ್ದು ಈ ಬಂಡಿಯಿಂದ. ಅಂದಿನಿಂದ ಮೋಟರು, ಬ್ಯಾಟರಿ ಎಲ್ಲವೂ ಬದಲಾಗಿವೆ; ನಿಕಲ್-ಕ್ಯಾಡ್ಮಿಯಂ ಹೋಗಿ ಲಿಥಿಯಂ ಬಂದಿದೆ. ಅಂಥ ಬಂಡಿಯ ಎದುರು ನಮ್ಮ ಕಣಜ ಒಂದು ಸುತ್ತನ್ನೂ ಗೆಲ್ಲಲಾರದು. ಆದರೆ ದೋಷಗಳು ಕಣ್ಣಿಗೆ ಕಾಣುವಂತಿರುವ ಯಂತ್ರ ಒಳ್ಳೆಯ ಮೇಷ್ಟರು. ದೋಷವಿಲ್ಲದ ಯಂತ್ರದಿಂದ ಕಲಿಯಲು ಹುಡುಗನಿಗೆ ಏನು ಉಳಿದೀತು?

ಹುಡುಗನ ಅಂಕಗಳು ಆ ವರ್ಷವೇನೂ ಏರಲಿಲ್ಲ. ಈಗ ಅವನು ಡಿಪ್ಲೊಮಾ ಓದುತ್ತಿದ್ದಾನೆ. ತನಗೆ ಏನು ಬರುತ್ತದೆಂಬುದು ಅವನಿಗೂ ಮನೆಯವರಿಗೂ ಗೊತ್ತಿದೆ. ಬಂಡಿಯ ಅಡಿ ತುಂಬ ಗೀರುಗಳು; ಒಂದು ಮುಂಗೈ ಮುರಿದು ಬೇರೆ ಹಾಕಿದೆ. ಸಂಗ್ರಾಹಕ ಮಿತ್ರರ ಲೆಕ್ಕದಲ್ಲಿ ಪ್ರತಿ ಗೀರೂ ಒಂದಷ್ಟು ನಷ್ಟ. ಅವರ ಲೆಕ್ಕವನ್ನು ನಾನು ತಪ್ಪೆನ್ನಲಾರೆ. ಅಣ್ಣನ ಲೆಕ್ಕ ಬೇರೆ ಇದ್ದಿರಬೇಕು. ತಿರುಪುಗಳನ್ನು ಒಂದೊಂದಾಗಿ ಎಣಿಸಿ ಗುರುತು ಹಾಕಿಡುವವನು, ಎಂದಾದರೂ ಒಂದು ದಿನ ಅವನ್ನು ಬಿಗಿಯುವ ಆಸೆಯಿಂದಲೇ ಎಣಿಸಿರುತ್ತಾನೆ.